ಒಂದು ಮನೆ, ಎರಡು ಶಾಲೆ: ಐಂಡ್‌ಹೋವನ್‌ಗೆ ಬಂದಾಗ ಮಕ್ಕಳ ಶಾಲೆ ಆರಿಸಿದ ಪೂರ್ತಿ ವಿವರ

2023ರ ಜನವರಿಯಲ್ಲಿ ನನ್ನ ಗಂಡನಿಗೆ ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್‌ನಿಂದ ಕೆಲಸದ ಆಫರ್ ಬಂತು. ಅವತ್ತು ರಾತ್ರಿಯೇ ನಾನು ಲ್ಯಾಪ್‌ಟಾಪ್ ತೆಗೆದು ಎಕ್ಸೆಲ್‌ನಲ್ಲಿ ಶಾಲೆಗಳ ಪಟ್ಟಿ ಮಾಡಲು ಕೂತೆ. ಸಾಲಿಗೊಂದು ಶಾಲೆ. ಪಕ್ಕದಲ್ಲಿ ಫೀಸು, ಸಿಲಬಸ್, ಊಟದ ವ್ಯವಸ್ಥೆ, ಶಾಲೆ ಶುರುವಾಗುವ ತಿಂಗಳು. ಎರಡು ವಾರ ಆ ಪಟ್ಟಿ ಬೆಳೆಯಿತು. ಆಮೇಲೆ ಅದನ್ನು ಬಿಟ್ಟು ಮತ್ತೆ ಮೊದಲಿಂದ ಶುರು ಮಾಡಬೇಕಾಯಿತು. ಯಾಕೆಂದರೆ ನಾನು ಹುಡುಕುತ್ತಿದ್ದದ್ದು "ನಮ್ಮ ಮನೆಗೆ ಯಾವ ಶಾಲೆ ಒಳ್ಳೆಯದು" ಅಂತ. ನಮ್ಮ ಮನೆಯಲ್ಲಿ ಮಕ್ಕಳು ಇಬ್ಬರು, ನಡುವೆ ಆರು ವರ್ಷದ ಅಂತರ. ಒಬ್ಬಳಿಗೆ ಹೊಂದುವ ಶಾಲೆ ಇನ್ನೊಬ್ಬನಿಗೆ ಹೊಂದುವುದಿಲ್ಲ ಎಂದು ಅರ್ಥವಾಗಲು ನನಗೆ ಎರಡು ತಿಂಗಳು ಬೇಕಾಯಿತು.

ಈಗ ನಾವು ಬಂದು ಎರಡೂವರೆ ವರ್ಷ. ಬೆಂಗಳೂರು, ಮೈಸೂರಿನಿಂದ ಈ ಊರಿಗೆ ಹೊರಟವರು ನನ್ನ ಹತ್ತಿರ ಇದೇ ಪ್ರಶ್ನೆ ಕೇಳುತ್ತಾರೆ. ಫೋನಿನಲ್ಲಿ ಅರ್ಧಂಬರ್ಧ ಹೇಳಿ ಮುಗಿಸುವುದಕ್ಕಿಂತ ನಮ್ಮ ಮನೆಯ ವಿಷಯವನ್ನೇ ಪೂರ್ತಿ ಬರೆದಿಡುತ್ತಿದ್ದೇನೆ.

ಹೊರಡುವಾಗ ನಮ್ಮ ಸ್ಥಿತಿ

ಐಂಡ್‌ಹೋವನ್ ಮೊದಲು ಫಿಲಿಪ್ಸ್ ಕಂಪನಿಯ ಊರು. ಈಗ ಪಕ್ಕದ ವೆಲ್ಡ್‌ಹೋವನ್‌ನಲ್ಲಿ ಎಎಸ್‌ಎಂಎಲ್ ಇದೆ, ಚಿಪ್ ತಯಾರಿಸುವ ಯಂತ್ರಗಳನ್ನು ಮಾಡುವ ಕಂಪನಿ. ಅದಕ್ಕೆ ಬಿಡಿಭಾಗ, ಸಾಫ್ಟ್‌ವೇರ್ ಕೊಡುವ ಕಂಪನಿಗಳು ಸುತ್ತಮುತ್ತ ಬೇಕಾದಷ್ಟಿವೆ. ನನ್ನ ಗಂಡ ಸೇರಿದ್ದು ಅಂಥ ಒಂದು ಕಂಪನಿಗೆ. ನಾನು ಬೆಂಗಳೂರಿನಲ್ಲಿ ಅಕೌಂಟ್ಸ್ ಕೆಲಸದಲ್ಲಿದ್ದೆ, ಬಿಟ್ಟು ಬಂದೆ.

ಮಗಳು 2012ರ ಜೂನ್‌ನಲ್ಲಿ ಹುಟ್ಟಿದವಳು. ಒಂದರಿಂದ ಐದರವರೆಗೆ ಬೆಂಗಳೂರಿನಲ್ಲೇ ಓದಿದ್ದಳು. ಇಂಗ್ಲಿಷ್ ಮೀಡಿಯಂ, ಎರಡನೇ ಭಾಷೆ ಕನ್ನಡ. ಮಗ 2018ರ ಅಕ್ಟೋಬರ್‌ನವನು. ಎಲ್‌ಕೆಜಿ ಮುಗಿಸಿದ್ದ, ಅ ಆ ಇ ಈ ಬರೆಯುತ್ತಿದ್ದ, ನೂರರವರೆಗೆ ಎಣಿಸುತ್ತಿದ್ದ. ಮನೆಯಲ್ಲಿ ಮಾತು ಕನ್ನಡ. ಹಾಸನದಲ್ಲಿ ಅತ್ತೆ ಮಾವ ಇದ್ದಾರೆ. ಅವರ ಜೊತೆ ಮಕ್ಕಳು ದಿನಾ ಮಾತಾಡಲೇಬೇಕು, ಅದರಲ್ಲಿ ರಾಜಿ ಇರಲಿಲ್ಲ.

ಎಷ್ಟು ವರ್ಷ ಇರುತ್ತೀರಿ ಎಂದು ಯಾರಾದರೂ ಕೇಳಿದರೆ "ಎರಡು ಮೂರು ವರ್ಷ, ನೋಡೋಣ" ಎನ್ನುತ್ತಿದ್ದೆವು. ಹೊರಗಿನವರಿಗೆ ಈ ಉತ್ತರ ಸಾಕು, ಅಲ್ವಾ? ಶಾಲೆ ಆರಿಸಲು ಇದು ಸಾಲಲಿಲ್ಲ.

ಡಚ್ ಶಾಲೆ ಹೇಗಿದೆ

ಇಲ್ಲಿನ ಸಾಮಾನ್ಯ ಶಾಲೆ ಉಚಿತ. ವರ್ಷಕ್ಕೊಮ್ಮೆ ಪೋಷಕರಿಂದ ಒಂದು ಸಣ್ಣ ಮೊತ್ತ ಕೇಳುತ್ತಾರೆ, ಪ್ರವಾಸ, ಹಬ್ಬ ಇಂಥದ್ದಕ್ಕೆ. ಅದೂ ಕಡ್ಡಾಯವಲ್ಲ. ಕೊಡದವರ ಮಗುವನ್ನು ಯಾವ ಚಟುವಟಿಕೆಯಿಂದಲೂ ಹೊರಗಿಡುವಂತಿಲ್ಲ ಎಂದು 2021ರಿಂದ ಕಾನೂನೇ ಇದೆ. ಮಕ್ಕಳು ನಾಲ್ಕು ವರ್ಷ ತುಂಬಿದ ಕೂಡಲೇ ಸೇರಬಹುದು, ಐದಾದ ಮುಂದಿನ ತಿಂಗಳಿಂದ ಶಾಲೆ ಕಡ್ಡಾಯ. ಪ್ರೈಮರಿಯಲ್ಲಿ ಗ್ರೂಪ್ 1ರಿಂದ ಗ್ರೂಪ್ 8ರವರೆಗೆ ಎಂಟು ವರ್ಷ. ಮೊದಲ ಎರಡು ವರ್ಷ ಆಟವೇ ಪಾಠ. ಓದು ಬರಹ ಶುರುವಾಗುವುದು ಗ್ರೂಪ್ 3ರಲ್ಲಿ, ಆರು ವರ್ಷದ ಆಸುಪಾಸಿನಲ್ಲಿ.

ನಮ್ಮಂಥವರು ತಿಳಿದಿರಲೇಬೇಕಾದ್ದು ಗ್ರೂಪ್ 8ರ ವಿಷಯ. ಅಲ್ಲಿ ಮಕ್ಕಳಿಗೆ ಹನ್ನೊಂದು ಹನ್ನೆರಡು ವರ್ಷ. ಆ ವರ್ಷ ಜನವರಿಯಲ್ಲಿ ಶಾಲೆ ಪ್ರತಿ ಮಗುವಿಗೂ ಒಂದು ಸಲಹೆ ಕೊಡುತ್ತದೆ, ಮುಂದೆ ಯಾವ ಬಗೆಯ ಹೈಸ್ಕೂಲ್ ಅಂತ. ವಿಎಂಬಿಒ ಅಂದರೆ ನಾಲ್ಕು ವರ್ಷ, ವೃತ್ತಿ ಕಲಿಕೆಯ ಕಡೆಗೆ. ಹಾವೊ ಐದು ವರ್ಷ. ವಿಡಬ್ಲ್ಯುಒ ಆರು ವರ್ಷ, ಅಲ್ಲಿಂದ ನೇರ ಯೂನಿವರ್ಸಿಟಿ. ಫೆಬ್ರವರಿಯಲ್ಲಿ ಒಂದು ಪರೀಕ್ಷೆ ಇರುತ್ತದೆ. ಅದರಲ್ಲಿ ಮಗು ಚೆನ್ನಾಗಿ ಮಾಡಿದರೆ ಸಲಹೆ ಮೇಲಕ್ಕೆ ಹೋಗಬಹುದು. ಮಾರ್ಚ್‌ನಲ್ಲಿ ಅಂತಿಮ ಸಲಹೆ, ತಿಂಗಳ ಕೊನೆಗೆ ಹೈಸ್ಕೂಲ್‌ಗೆ ಅರ್ಜಿ. ಆಮೇಲೆ ಒಂದು ಬಗೆಯಿಂದ ಇನ್ನೊಂದಕ್ಕೆ ಹೋಗಲು ದಾರಿಗಳಿವೆ, ಆದರೆ ಸುತ್ತು ಜಾಸ್ತಿ.

ನನ್ನ ಮಗಳು 2023ರ ಆಗಸ್ಟ್‌ನಲ್ಲಿ ಇಲ್ಲಿಗೆ ಬಂದಿಳಿದಾಗ ಅವಳ ವಯಸ್ಸಿಗೆ ಸರಿಯಾದ ತರಗತಿ ಗ್ರೂಪ್ 8. ಅಂದರೆ ಡಚ್ ಭಾಷೆಯ ಒಂದು ಅಕ್ಷರವೂ ಗೊತ್ತಿಲ್ಲದ ಹುಡುಗಿಗೆ ಐದು ತಿಂಗಳಲ್ಲಿ ಆ ಸಲಹೆ ಬರಬೇಕು. ಹೊಸದಾಗಿ ಬಂದ ಮಕ್ಕಳಿಗೆ ಆ ಪರೀಕ್ಷೆಯಿಂದ ವಿನಾಯಿತಿ ಸಿಗುತ್ತದೆ, ನಿಜ. ಅಂಥ ಮಕ್ಕಳನ್ನು ಮೊದಲು ಭಾಷಾ ತರಗತಿಗೆ ಹಾಕುತ್ತಾರೆ, ಹನ್ನೆರಡು ದಾಟಿದವರಿಗೆ ಐಎಸ್‌ಕೆ ಎಂಬ ಸೇತುವೆ ತರಗತಿ ಇದೆ, ಅಲ್ಲಿ ಒಂದೆರಡು ವರ್ಷ ಡಚ್ ಕಲಿತು ಆಮೇಲೆ ಹೈಸ್ಕೂಲ್‌ಗೆ ಹೋಗುತ್ತಾರೆ. ಇಲ್ಲೇ ನೆಲೆಸುವ ಕುಟುಂಬಕ್ಕೆ ಅದು ಒಳ್ಳೆಯ ದಾರಿ. ಮೂರು ವರ್ಷಕ್ಕೆ ಹಿಂದಿರುಗಬಹುದಾದ ಮಗುವಿಗೆ ಹಾಗಲ್ಲ. ಎರಡು ವರ್ಷ ಭಾಷೆಗೇ ಹೋಗುತ್ತದೆ, ಗಣಿತ ವಿಜ್ಞಾನ ಹಿಂದೆ ಬೀಳುತ್ತದೆ, ಹಿಂದಿರುಗಿದ ಮೇಲೆ ಆ ಭಾಷೆಯೂ ಕೈಗೆ ಬರುವುದಿಲ್ಲ.

ಮಗನ ಲೆಕ್ಕವೇ ಬೇರೆ. ಅವನಿಗೆ ನಾಲ್ಕು ವರ್ಷ ಹತ್ತು ತಿಂಗಳು. ಅವನ ಗ್ರೂಪ್ 8 ಬರಲು ಇನ್ನೂ ಆರೇಳು ವರ್ಷ ಇತ್ತು. ಓದುವುದನ್ನು ಯಾರಿಗೂ ಇನ್ನೂ ಕಲಿಸಿರದ ತರಗತಿಗೆ ಅವನು ಹೋಗುತ್ತಾನೆ. ಅಲ್ಲಿ ಹಿಂದೆ ಬೀಳಲು ಏನೂ ಇಲ್ಲ.

ಇದನ್ನು ನಾನು ಕಾಗದದ ಮೇಲೆ ಇಬ್ಬರ ಹೆಸರು ಬರೆದು, ಕೆಳಗೆ ವರ್ಷಗಳನ್ನು ಬರೆದು ನೋಡಿದ ದಿನ ಎಕ್ಸೆಲ್ ಪಟ್ಟಿ ಮುಚ್ಚಿದೆ.

ಅಂತರರಾಷ್ಟ್ರೀಯ ಶಾಲೆಯಲ್ಲಿ ಎರಡು ಬಗೆ, ಮತ್ತು ಹಣದ ವಿಷಯ

ದುಬೈಗೆ, ಮಸ್ಕತ್‌ಗೆ ಹೋಗುವವರಿಗೆ ಸಿಬಿಎಸ್‌ಇ ಶಾಲೆ ಸಿಗುತ್ತದೆ. ಮಗು ಬಿಟ್ಟ ಪುಸ್ತಕದಿಂದಲೇ ಮುಂದುವರಿಯಬಹುದು. ನಮಗೆ ಆ ದಾರಿ ಇರಲಿಲ್ಲ. ಇಲ್ಲಿ ಇಂಗ್ಲಿಷ್‌ನಲ್ಲಿ ಕಲಿಸುವ ಅಂತರರಾಷ್ಟ್ರೀಯ ಶಾಲೆಗಳು ಎರಡು ಬಗೆ. ಒಂದು, ಪೂರ್ತಿ ಖಾಸಗಿ. ಹೇಗ್, ಆಮ್‌ಸ್ಟರ್‌ಡ್ಯಾಮ್ ಕಡೆಯ ಅಮೆರಿಕನ್, ಬ್ರಿಟಿಷ್ ಶಾಲೆಗಳು ಈ ಬಗೆಯವು. ಮೇಲಿನ ತರಗತಿಗಳಲ್ಲಿ ಒಂದು ಮಗುವಿಗೆ ವರ್ಷಕ್ಕೆ 20,000 ಯೂರೋ ದಾಟುತ್ತದೆ. ಇನ್ನೊಂದು, ಡಚ್ ಸರ್ಕಾರ ಸಹಾಯಧನ ಕೊಡುವ ಅಂತರರಾಷ್ಟ್ರೀಯ ಶಾಲೆಗಳು. ಅಲ್ಲಿ ಫೀಸು ಅದರ ಅರ್ಧಕ್ಕಿಂತಲೂ ಕಡಿಮೆ. ಬಹಳ ಕಡೆ ಐಬಿ (ಇಂಟರ್‌ನ್ಯಾಷನಲ್ ಬ್ಯಾಕಲೋರಿಯೆಟ್, ಹಲವು ದೇಶಗಳಲ್ಲಿ ನಡೆಯುವ ಪಠ್ಯಕ್ರಮ) ಇರುತ್ತದೆ, ಡಚ್ ಒಂದು ಭಾಷೆಯಾಗಿ ಇರುತ್ತದೆ.

ಈ ಎರಡನೇ ಬಗೆಯ ಶಾಲೆಗೆ ಯಾರು ಬೇಕಾದರೂ ಸೇರುವಂತಿಲ್ಲ. ಮಗು ಡಚ್ ಪ್ರಜೆ ಅಲ್ಲದಿದ್ದರೆ, ತಂದೆ ಅಥವಾ ತಾಯಿ ಇಲ್ಲಿ ಸೀಮಿತ ಅವಧಿಗೆ ಕೆಲಸ ಮಾಡುತ್ತಿದ್ದಾರೆ ಎಂದು ಕಂಪನಿಯಿಂದ ಪತ್ರ ಬೇಕು. ಆ ಪತ್ರದ ಮಾತು ಬಂದಾಗಲೇ ನಮಗೆ ಮೊದಲ ಪೆಟ್ಟು ಬಿದ್ದದ್ದು. ನಮ್ಮ ಕಂಪನಿ ಗೊತ್ತುಮಾಡಿದ್ದ ಸ್ಥಳಾಂತರ ಏಜೆನ್ಸಿಯವರು "ಶಾಲೆ ಬಗ್ಗೆ ಚಿಂತೆ ಬೇಡ, ಬಂದ ಮೇಲೆ ನೋಡೋಣ" ಎಂದಿದ್ದರು. ನಾವು ನಂಬಿ ಒಂದು ತಿಂಗಳು ಸುಮ್ನೆ ಕೂತೆವು. ಆಮೇಲೆ ನಾನೇ ಶಾಲೆಗೆ ಮೇಲ್ ಹಾಕಿದಾಗ ತಿಳಿದದ್ದು, ಅರ್ಜಿ ಈಗಲೇ ಹಾಕಬೇಕು, ಪತ್ರ ಈಗಲೇ ಬೇಕು, ಕಾಯುವವರ ಪಟ್ಟಿ ಇದೆ ಅಂತ. ಆಫರ್ ಒಪ್ಪಿಕೊಂಡ ವಾರವೇ ಶಾಲೆಗೆ ಬರೆಯಿರಿ. ಏಜೆನ್ಸಿ ಬರೆಯುತ್ತದೆ ಎಂದು ಕಾಯಬೇಡಿ.

ಹಣದ ವಿಷಯ ಇನ್ನೂ ಮುಖ್ಯ. ಮಗಳ ತರಗತಿಗೆ ಫೀಸು ಸುಮಾರು 8,000 ಯೂರೋ. ಆಗಿನ ದರದಲ್ಲಿ ಏಳು ಲಕ್ಷ ರೂಪಾಯಿಗೂ ಜಾಸ್ತಿ. ಇಬ್ಬರನ್ನೂ ಅಲ್ಲಿಗೇ ಹಾಕಿದ್ದರೆ ಹನ್ನೆರಡು ಲಕ್ಷ ದಾಟುತ್ತಿತ್ತು, ಅದೂ ಒಬ್ಬರ ಸಂಬಳದಲ್ಲಿ.

ಇಲ್ಲಿ 30% ರೂಲಿಂಗ್ ಎಂಬ ತೆರಿಗೆ ರಿಯಾಯಿತಿ ಇದೆ. ಹೊರದೇಶದಿಂದ ಕರೆಸಿಕೊಂಡ ನುರಿತ ಕೆಲಸಗಾರರಿಗೆ ಐದು ವರ್ಷದವರೆಗೆ ಸಂಬಳದ 30% ಭಾಗವನ್ನು ತೆರಿಗೆ ಇಲ್ಲದೆ ಕೊಡಲು ಕಂಪನಿಗೆ ಅವಕಾಶ. 2024ರಿಂದ ಈಚೆಗೆ ಬಂದವರಿಗೆ 2027ರಿಂದ ಅದು 27% ಆಗುತ್ತದೆ. ಇದು ಎಲ್ಲರಿಗೂ ಗೊತ್ತಿರುತ್ತದೆ. ಅದರ ಮೇಲೆ ಅಂತರರಾಷ್ಟ್ರೀಯ ಶಾಲೆಯ ಫೀಸನ್ನೂ ಕಂಪನಿ ತೆರಿಗೆ ಇಲ್ಲದೆ ಕೊಡಬಹುದು ಎಂಬುದು ಬಹಳ ಜನರಿಗೆ ಗೊತ್ತಿರುವುದಿಲ್ಲ. ಕೊಡಬಹುದು ಅಷ್ಟೇ, ಕೊಡಲೇಬೇಕು ಅಂತಿಲ್ಲ. ನಾವು ಇದನ್ನು ಕೇಳಿದ್ದು ಆಫರ್‌ಗೆ ಸಹಿ ಹಾಕಿದ ಮೇಲೆ. ಎಚ್‌ಆರ್‌ನವರು ಮರ್ಯಾದೆಯಿಂದಲೇ ಆಗುವುದಿಲ್ಲ ಎಂದರು. ಸಹಿಗೆ ಮೊದಲು ಕೇಳಿದ್ದರೆ ಮಾತಾಡಲು ಜಾಗ ಇರುತ್ತಿತ್ತು.

ಆಮೇಲೆ ಸಿಕ್ಕಿದ್ದು ಇನ್ನೊಂದು ದಾರಿ. ಒಟ್ಟು ಸಂಬಳದಲ್ಲಿ ಫೀಸಿನಷ್ಟನ್ನು ಕಡಿಮೆ ಮಾಡಿ, ಅದೇ ಮೊತ್ತವನ್ನು ಶಾಲೆಯ ಫೀಸು ಎಂಬ ಲೆಕ್ಕದಲ್ಲಿ ತೆರಿಗೆ ಹಿಡಿಯದೆ ಕೊಡುವುದು. ಕಂಪನಿಗೆ ಒಂದು ಯೂರೋ ಹೆಚ್ಚು ಖರ್ಚಿಲ್ಲ, ನಮಗೆ ಫೀಸಿನ ಮೇಲಿನ ತೆರಿಗೆ ಉಳಿಯುತ್ತದೆ. ಹಾಗೆ ಕಡಿಮೆ ಮಾಡಿದ ಮೇಲೂ ತೆರಿಗೆಗೆ ಬರುವ ಸಂಬಳ ರೂಲಿಂಗ್‌ನ ಕನಿಷ್ಠ ಮಿತಿಗಿಂತ ಕೆಳಗೆ ಇಳಿಯಬಾರದು. 2023ರಲ್ಲಿ ಆ ಮಿತಿ 41,954 ಯೂರೋ ಇತ್ತು, ವರ್ಷ ವರ್ಷ ಏರುತ್ತದೆ. ನಾನು ಅಕೌಂಟ್ಸ್‌ನವಳಾದ್ದರಿಂದ ಈ ಲೆಕ್ಕವನ್ನು ಎರಡು ರಾತ್ರಿ ಕೂತು ಹಾಕಿ, ನನ್ನ ಗಂಡನ ಕೈಯಲ್ಲಿ ಒಂದು ಪುಟದ ಟಿಪ್ಪಣಿ ಮಾಡಿ ಕಳಿಸಿದೆ. ಕಂಪನಿ ಒಪ್ಪಿತು. ಡಚ್ ಶಾಲೆಯ ಪೋಷಕರ ಹಣಕ್ಕಾಗಲಿ, ಮಕ್ಕಳ ಶಾಲೆ ನಂತರದ ಡೇಕೇರ್‌ಗಾಗಲಿ ಈ ಅನುಕೂಲ ಇಲ್ಲ.

ಹಿಂದಿರುಗಿದರೆ?

ಇದನ್ನು ಬಹಳಷ್ಟು ಜನ ಕೊನೆಗೆ ಯೋಚಿಸುತ್ತಾರೆ. ನನ್ನ ಮಟ್ಟಿಗೆ ಇದೇ ಮೊದಲು ಬರಬೇಕು.

ನನ್ನ ಗಂಡ ಒಂದು ಭಾನುವಾರ "ಹಿಂದಿರುಗಿದರೆ ಯಾವುದಾದರೂ ಇಂಟರ್‌ನ್ಯಾಷನಲ್ ಶಾಲೆಗೆ ಹಾಕೋಣ ಬಿಡು, ಬೆಂಗಳೂರಿನಲ್ಲಿ ಏನು ಕಡಿಮೆ ಇವೆಯಾ" ಎಂದರು. ಅಂಥ ಶಾಲೆಗಳ ಫೀಸು ನೋಡಿದ ಮೇಲೆ ಆ ಮಾತು ಅಲ್ಲಿಗೇ ನಿಂತಿತು. ಹಾಗಾದರೆ ಮತ್ತೆ ಸಿಬಿಎಸ್‌ಇ, ಐಸಿಎಸ್‌ಇ ಅಥವಾ ಸ್ಟೇಟ್. ಸಿಬಿಎಸ್‌ಇಯಲ್ಲಿ ಒಂಬತ್ತು ಮತ್ತು ಹತ್ತು ಸೇರಿ ಎರಡು ವರ್ಷದ ಒಂದು ಕಟ್ಟು. ನೇರವಾಗಿ ಹತ್ತಕ್ಕೆ ಸೇರಿಸಿಕೊಳ್ಳುವುದು ಕಷ್ಟ, ವಿಶೇಷ ಕಾರಣ ಬೇಕು. ಹಾಗಾಗಿ ಮಗಳು ಭಾರತದ ಬೋರ್ಡ್‌ಗೆ ಸಲೀಸಾಗಿ ಮರಳಬೇಕಾದರೆ ಒಂಬತ್ತನೇ ತರಗತಿ ಶುರುವಾಗುವ ಮೊದಲೇ ಬರಬೇಕು. ಅವಳ ಲೆಕ್ಕದಲ್ಲಿ ಅದು 2026ರ ಬೇಸಿಗೆ.

ಇನ್ನೊಂದು, ಕೆಸಿಇಟಿ. ಕರ್ನಾಟಕದ ಎಂಜಿನಿಯರಿಂಗ್ ಸೀಟುಗಳಿಗೆ ಸಾಮಾನ್ಯವಾಗಿ ಅನ್ವಯಿಸುವ ಮುಖ್ಯ ನಿಯಮದ ಪ್ರಕಾರ, ಒಂದನೇ ತರಗತಿಯಿಂದ ದ್ವಿತೀಯ ಪಿಯುಸಿವರೆಗೆ ಒಟ್ಟು ಏಳು ವರ್ಷ ರಾಜ್ಯದಲ್ಲಿ ಓದಿರಬೇಕು, ಜೊತೆಗೆ ಹತ್ತನೇ ತರಗತಿ ಅಥವಾ ಪಿಯುಸಿಯನ್ನು ಕರ್ನಾಟಕದಿಂದಲೇ ಪಾಸಾಗಿರಬೇಕು. ಮಗಳಿಗೆ ಆಗಲೇ ಐದು ವರ್ಷ ಆಗಿತ್ತು. ಪಿಯುಸಿಗೆ ಬಂದು ಎರಡು ವರ್ಷ ಓದಿದರೂ ಸರಿಯಾಗಿ ಏಳು. ಮಗನಿಗೆ ಸೊನ್ನೆ. ಅವನು ಆರನೇ ತರಗತಿಗೆ ಬಂದು ಸೇರಿದರೆ ಆರರಿಂದ ಹನ್ನೆರಡರವರೆಗೆ ಏಳು ಆಗುತ್ತದೆ. ಒಂದು ವರ್ಷ ತಡವಾದರೂ ಆ ನಿಯಮದಡಿ ಸಿಗುವುದಿಲ್ಲ. ಮಕ್ಕಳು ಎಂಜಿನಿಯರಿಂಗ್ ಓದಲಿ, ಓದದಿರಲಿ. ಗೊತ್ತಿಲ್ಲದೆ ಬಾಗಿಲು ಮುಚ್ಚಿಹೋಗಬಾರದು ಎಂದು ಈ ಲೆಕ್ಕ ಹಾಕಿಟ್ಟೆ. ವಿದೇಶಕ್ಕೆ ಹೊರಟ ನನ್ನ ಪರಿಚಯದವರಲ್ಲಿ ಇದನ್ನು ಲೆಕ್ಕ ಹಾಕಿದವರು ಒಬ್ಬರೂ ಇರಲಿಲ್ಲ.

ಕನ್ನಡದ ವಿಷಯವೂ ಇದೆ. 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆಯ ನಂತರ ಕರ್ನಾಟಕದ ಶಾಲೆಗಳಲ್ಲಿ, ಯಾವ ಬೋರ್ಡ್ ಆಗಿರಲಿ, ಕನ್ನಡ ಒಂದು ಭಾಷೆಯಾಗಿ ಬರಬೇಕು. ಇಲ್ಲಿ ಮೂರು ವರ್ಷ ಕನ್ನಡ ಓದದೆ ಹಿಂದಿರುಗಿದ ಹುಡುಗಿ ಅಲ್ಲಿ ಪುಸ್ತಕ ತೆಗೆದಾಗ ತಡವರಿಸುತ್ತಾಳೆ. ಅದಕ್ಕೇ ಹೊರಡುವಾಗ ಆರು, ಏಳು, ಎಂಟನೇ ತರಗತಿಯ ಕನ್ನಡ ಪಠ್ಯಪುಸ್ತಕಗಳನ್ನು ಸೂಟ್‌ಕೇಸ್‌ಗೆ ಹಾಕಿಕೊಂಡೆ. ಅತ್ತೆ ಅದರ ಪಕ್ಕದಲ್ಲಿ ಸಾರಿನ ಪುಡಿ ಇಟ್ಟರು. ಆ ಪುಸ್ತಕಗಳಿಗೆ ಈಗಲೂ ಅದೇ ವಾಸನೆ.

ತೀರ್ಮಾನ

ಮಾರ್ಚ್ ಕೊನೆಯಲ್ಲಿ ನಿರ್ಧಾರ ಆಯಿತು. ಮಗಳು ಸಹಾಯಧನ ಇರುವ ಅಂತರರಾಷ್ಟ್ರೀಯ ಶಾಲೆಗೆ, ಐಬಿಯ ಎಂವೈಪಿ (ಮಿಡಲ್ ಇಯರ್ಸ್ ಪ್ರೋಗ್ರಾಂ, ಐದು ವರ್ಷದ ಹಂತ) ಮೊದಲ ವರ್ಷಕ್ಕೆ. ಮಗ ಮನೆ ಹತ್ತಿರದ ಡಚ್ ಶಾಲೆಗೆ.

ಎರಡೂ ಕಡೆಯ ಅಜ್ಜಿ ತಾತಂದಿರಿಗೆ ಇದು ಇಷ್ಟವಾಗಲಿಲ್ಲ. "ಒಂದೇ ಮನೆ ಮಕ್ಕಳನ್ನ ಎರಡು ಥರ ಯಾಕಮ್ಮಾ ಮಾಡ್ತೀಯ, ಅವನಿಗೆ ಇಂಗ್ಲಿಷ್ ಬೇಡ್ವಾ?" ಎಂದು ಅತ್ತೆ ಕೇಳಿದರು. ನ್ಯಾಯವಾದ ಪ್ರಶ್ನೆ. ಅವರಿಗೆ ನಾನು ಹೇಳಿದ್ದು ಇಷ್ಟು: ಇಂಗ್ಲಿಷ್ ಅವನಿಗೆ ಅಕ್ಕನಿಂದ, ಟಿವಿಯಿಂದ ಹೇಗೂ ಬರುತ್ತದೆ, ಇಲ್ಲಿ ಡಚ್ ಶಾಲೆಯಲ್ಲೂ ಅದನ್ನು ಕಲಿಸುತ್ತಾರೆ. ಡಚ್ ಮಾತ್ರ ಈ ವಯಸ್ಸು ದಾಟಿದರೆ ಹೀಗೆ ಸುಲಭವಾಗಿ ಬರುವುದಿಲ್ಲ. ಬೀದಿಯ ಮಕ್ಕಳ ಜೊತೆ ಆಡಲು ಅವನಿಗೆ ಆ ಭಾಷೆ ಬೇಕು.

ಕಾಗದಪತ್ರದ ಕೆಲಸ ಬೇಗ ಹೇಳಿಬಿಡುತ್ತೇನೆ. ಜನನ ಪ್ರಮಾಣಪತ್ರಕ್ಕೆ ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್ (ದಾಖಲೆ ಅಸಲಿ ಎಂದು ದೃಢೀಕರಿಸುವ ಮುದ್ರೆ) ಬೇಕು, ಇಲ್ಲಿ ನಗರಸಭೆಯಲ್ಲಿ ಹೆಸರು ನೋಂದಾಯಿಸಲು. ಕರ್ನಾಟಕದ ಪ್ರಮಾಣಪತ್ರದಲ್ಲಿ ಇಂಗ್ಲಿಷ್ ಕೂಡ ಇರುವುದರಿಂದ ನಮಗೆ ಅನುವಾದ ಬೇಕಾಗಲಿಲ್ಲ. ಅಂತರರಾಷ್ಟ್ರೀಯ ಶಾಲೆ ಎರಡು ವರ್ಷದ ಅಂಕಪಟ್ಟಿ, ಕ್ಲಾಸ್ ಟೀಚರ್ ಪತ್ರ ಕೇಳಿತು, ಮಗಳ ಜೊತೆ ವಿಡಿಯೊ ಕಾಲ್‌ನಲ್ಲಿ ಮಾತಾಡಿತು. ಲಸಿಕೆ ಪುಸ್ತಕ ಮರೆಯಬೇಡಿ. ಟಿಸಿ ಇಲ್ಲಿ ಯಾರೂ ಕೇಳಲಿಲ್ಲ, ಆದರೂ ತಂದಿಟ್ಟುಕೊಳ್ಳಿ, ಹಿಂದಿರುಗುವಾಗ ಬೇಕು. ಡಚ್ ಶಾಲೆಗೆ ಬೆಂಗಳೂರಿನಿಂದಲೇ ನಾಲ್ಕು ಕಡೆ ಬರೆದೆ. ಮೂರು ಕಡೆ ಜಾಗ ಇಲ್ಲ ಎಂದರು. ನಾಲ್ಕನೆಯವರು "ಬಂದು ನೋಡಿ" ಎಂದರು. ಶಾಲೆಯ ಬಗ್ಗೆ ತಿಳಿಯಲು ಸ್ಕೋಲೆನ್ ಓಪ್ ದೆ ಕಾರ್ಟ್ ಎಂಬ ವೆಬ್‌ಸೈಟ್ ಇದೆ, ಪ್ರತಿ ಶಾಲೆಯಲ್ಲಿ ಎಷ್ಟು ಮಕ್ಕಳು, ಗ್ರೂಪ್ 8ರಲ್ಲಿ ಯಾವ ಸಲಹೆ ಎಷ್ಟು ಮಕ್ಕಳಿಗೆ ಸಿಕ್ಕಿತು ಎಲ್ಲ ಅದರಲ್ಲಿದೆ. ಡಚ್‌ನಲ್ಲಿದೆ, ಅನುವಾದ ಮಾಡಿಕೊಂಡು ಓದಿದೆ.

ಮಗ: ಮೂರು ತಿಂಗಳ ಮೌನ

ಆಗಸ್ಟ್ ಕೊನೆಯಲ್ಲಿ ಶಾಲೆ ಶುರುವಾಯಿತು. ಮಗ ಗ್ರೂಪ್ 2ಕ್ಕೆ ಸೇರಿದ. ಮನೆಯಲ್ಲಿ ಒಂದು ನಿಮಿಷ ಬಾಯಿ ಮುಚ್ಚದ ಹುಡುಗ ಶಾಲೆಯಲ್ಲಿ ಒಂದು ಮಾತೂ ಆಡಲಿಲ್ಲ. ಬೆಳಿಗ್ಗೆ ಎಲ್ಲರೂ ವೃತ್ತವಾಗಿ ಕೂತು ಮಾತಾಡುವ ಹೊತ್ತಿನಲ್ಲಿ ಇವನು ತಲೆ ತಗ್ಗಿಸಿ ಕೂತಿರುತ್ತಿದ್ದ. ಸೆಪ್ಟೆಂಬರ್, ಅಕ್ಟೋಬರ್, ನವೆಂಬರ್. ನಾನು ಗೇಟಿನ ಹತ್ತಿರ ಕಾಯುತ್ತಾ ಎಷ್ಟು ಸಲ ಅತ್ತಿದ್ದೇನೋ. ಇಷ್ಟು ಚಿಕ್ಕ ಮಗುವಿಗೆ ಯಾಕೆ ಈ ಕಷ್ಟ ಕೊಟ್ಟೆ, ಅಕ್ಕನ ಶಾಲೆಗೇ ಹಾಕಬಹುದಿತ್ತಲ್ಲ ಎಂದು ರಾತ್ರಿ ನಿದ್ದೆ ಬರುತ್ತಿರಲಿಲ್ಲ.

ಟೀಚರ್ ಗಾಬರಿಯಾಗಲಿಲ್ಲ. ಹೊಸ ಭಾಷೆಗೆ ಬಿದ್ದ ಮಕ್ಕಳು ಕೆಲವು ತಿಂಗಳು ಹೀಗೆ ಸುಮ್ಮನೆ ಕೇಳಿಸಿಕೊಳ್ಳುತ್ತಾರೆ, ಒಳಗೆ ಎಲ್ಲ ಶೇಖರ ಆಗುತ್ತಿರುತ್ತದೆ ಎಂದರು. ಇನ್ನೊಂದು ಮಾತು ಹೇಳಿದರು, ಅದು ನನಗೆ ದೊಡ್ಡ ಸಮಾಧಾನ: ಮನೆಯಲ್ಲಿ ನೀವು ಡಚ್ ಮಾತಾಡಲು ಹೋಗಬೇಡಿ, ನಿಮ್ಮ ಭಾಷೆಯಲ್ಲೇ ಚೆನ್ನಾಗಿ ಮಾತಾಡಿ, ಕಥೆ ಹೇಳಿ, ಡಚ್ ನಾವು ನೋಡಿಕೊಳ್ಳುತ್ತೇವೆ.

ಡಿಸೆಂಬರ್ 5ಕ್ಕೆ ಇಲ್ಲಿ ಸಿಂಟರ್‌ಕ್ಲಾಸ್ ಹಬ್ಬ. ಶಾಲೆಯಲ್ಲಿ ಮಕ್ಕಳಿಗೆ ಬಿಸ್ಕತ್ತು ಹಂಚುತ್ತಿದ್ದಾಗ ಪಕ್ಕದ ಹುಡುಗಿ ಇನ್ನೊಂದು ಬೇಕು ಎಂದಳಂತೆ. ಇವನು "ಇಕ್ ಓಕ್" ಎಂದನಂತೆ. ನನಗೂ ಬೇಕು, ಅಂತ. ಟೀಚರ್ ಅವತ್ತು ಸಂಜೆ ಗೇಟಿಗೆ ಓಡಿ ಬಂದು ಹೇಳಿದರು. ಅಲ್ಲಿಂದ ಮಾತು ಕಟ್ಟೆ ಒಡೆದ ನೀರಿನ ಹಾಗೆ ಬಂತು.

2024ರ ಮೇನಲ್ಲಿ ಶಾಲೆ ಇನ್ನೊಂದು ವಿಷಯ ಎತ್ತಿತು. ಇವನನ್ನು ಗ್ರೂಪ್ 3ಕ್ಕೆ ಕಳಿಸುವ ಬದಲು ಗ್ರೂಪ್ 2ರಲ್ಲೇ ಇನ್ನೊಂದು ವರ್ಷ ಇಡೋಣ, ಶಬ್ದಗಳು ಇನ್ನೂ ಸ್ವಲ್ಪ ಕೂಡಲಿ, ಆಮೇಲೆ ಓದು ಸುಲಭವಾಗುತ್ತದೆ, ಅಕ್ಟೋಬರ್‌ನಲ್ಲಿ ಹುಟ್ಟಿದ ಮಕ್ಕಳಿಗೆ ಇಲ್ಲಿ ಇದು ಮಾಮೂಲು ಎಂದರು. ನಮ್ಮ ಮನೆಯಲ್ಲಿ ದೊಡ್ಡ ಚರ್ಚೆ. ನಮಗೆಲ್ಲ "ಒಂದು ವರ್ಷ ಹೋಯಿತು" ಅನ್ನುವುದು ಫೇಲ್ ಆದಷ್ಟೇ ಕೆಟ್ಟ ಮಾತು. ಬೆಂಗಳೂರಿನಲ್ಲಿ ಇವನ ವಯಸ್ಸಿನವರು ಕೂಡುವುದು, ಕಳೆಯುವುದು ಮಾಡುತ್ತಿದ್ದರು. ಎರಡು ವಾರ ಯೋಚಿಸಿ ಒಪ್ಪಿದೆವು. ಈಗ ಅವನು ಗ್ರೂಪ್ 3ರಲ್ಲಿದ್ದಾನೆ, ಓದುವುದರಲ್ಲಿ ತರಗತಿಯ ಮುಂದಿನ ಸಾಲಿನಲ್ಲಿ. ಆ ಒಂದು ವರ್ಷ ಕೊಟ್ಟದ್ದಕ್ಕೆ ನನಗೆ ಬಹಳ ಸಂತೋಷವಿದೆ. ಅಂಗಡಿಯಲ್ಲಿ, ಡಾಕ್ಟರ್ ಹತ್ತಿರ ನನಗೆ ಪದ ಸಿಗದಿದ್ದರೆ ಇವನೇ ಹೇಳಿಕೊಡುತ್ತಾನೆ.

ಮಗಳು: ಹತ್ತಿದ್ದು ಸುಲಭ, ಉಳಿದದ್ದು ಕಷ್ಟ

ಮಗಳ ವಿಷಯದಲ್ಲಿ ಉಲ್ಟಾ ಆಯಿತು. ಮೊದಲ ವಾರವೇ ನಾಲ್ಕು ಜನ ಗೆಳತಿಯರು. ಎಲ್ಲರೂ ಎಲ್ಲಿಂದಲೋ ಬಂದವರು, ಹೊಸಬರನ್ನು ಹೇಗೆ ಮಾತಾಡಿಸಬೇಕು ಅಂತ ಆ ಮಕ್ಕಳಿಗೆ ಚೆನ್ನಾಗಿ ಗೊತ್ತು. ಪಾಠ ಇಂಗ್ಲಿಷ್‌ನಲ್ಲಿ, ಗಣಿತ ಅವಳಿಗೆ ಆಗಲೇ ಗೊತ್ತಿದ್ದದ್ದು. ಕಷ್ಟವಾದದ್ದು ನನ್ನ ಗಂಡನಿಗೆ. ಅಲ್ಲಿ ನೂರಕ್ಕೆ ಎಷ್ಟು ಅಂತ ಇಲ್ಲ, ರ‍್ಯಾಂಕ್ ಇಲ್ಲ. ಪ್ರತಿ ವಿಷಯಕ್ಕೆ ನಾಲ್ಕು ಮಾನದಂಡ, ಒಂದೊಂದಕ್ಕೆ ಎಂಟು, ಒಟ್ಟು ಮೂವತ್ತೆರಡು, ಅದರಿಂದ ಒಂದರಿಂದ ಏಳರ ಗ್ರೇಡ್. ಪಾಠ ಬಾಯಿಪಾಠ ಮಾಡಿ ಬರೆದರೆ ಅರ್ಧವೂ ಬರುವುದಿಲ್ಲ. ಯಾಕೆ ಹಾಗೆ ಯೋಚಿಸಿದೆ ಎಂದು ಬರೆಯಬೇಕು. ಅವಳಿಗೆ ಇದಕ್ಕೆ ಒಂದು ವರ್ಷ ಹಿಡಿಯಿತು.

ಎರಡನೇ ವರ್ಷದ ಹೊತ್ತಿಗೆ ಬೇರೆ ಕಷ್ಟ ಶುರುವಾಯಿತು. ಜೂನ್ ಬಂತೆಂದರೆ ಯಾರಾದರೂ ಹೊರಡುತ್ತಾರೆ. ಅವಳ ತೀರಾ ಹತ್ತಿರದ ಗೆಳತಿ ಬ್ರೆಜಿಲ್‌ಗೆ ಹಿಂದಿರುಗಿದಳು. "ಅಮ್ಮ, ಇನ್ನು ನಾನು ಬೆಸ್ಟ್ ಫ್ರೆಂಡ್ ಮಾಡ್ಕೊಳಲ್ಲ" ಎಂದಳು. ಹನ್ನೆರಡು ವರ್ಷದ ಮಗು ಹಾಗೆ ಹೇಳಿದ್ದನ್ನು ನಾನು ಮರೆಯುವುದಿಲ್ಲ. ಅಂತರರಾಷ್ಟ್ರೀಯ ಶಾಲೆ ನೋಡಲು ಹೋದಾಗ ಪ್ರಯೋಗಾಲಯ ತೋರಿಸುತ್ತಾರೆ, ಆಟದ ಮೈದಾನ ತೋರಿಸುತ್ತಾರೆ. ವರ್ಷಕ್ಕೆ ಒಂದು ತರಗತಿಯಿಂದ ಎಷ್ಟು ಮಕ್ಕಳು ಬಿಟ್ಟು ಹೋಗುತ್ತಾರೆ, ಉಳಿದ ಮಕ್ಕಳನ್ನು ಹೇಗೆ ನೋಡಿಕೊಳ್ಳುತ್ತೀರಿ ಎಂದು ನೀವೇ ಕೇಳಬೇಕು. ನಾನು ಕೇಳಿರಲಿಲ್ಲ.

ಅವಳ ಡಚ್ ಈಗಲೂ ಅಂಗಡಿಯ ಮಟ್ಟದ್ದು. ಬೀದಿಯ ಮಕ್ಕಳ ಜೊತೆ ತಮ್ಮ ಚೆಂಡು ಒದೆಯುವ ಹೊತ್ತಿನಲ್ಲಿ ಅವಳು ಕೋಣೆಯಲ್ಲಿ ಫೋನ್ ಹಿಡಿದಿರುತ್ತಾಳೆ. ಅದಕ್ಕೆ ಕಳೆದ ವರ್ಷ ಊರಿನ ಹಾಕಿ ಕ್ಲಬ್‌ಗೆ ಸೇರಿಸಿದೆವು. ಅಲ್ಲಿ ಎಲ್ಲ ಡಚ್‌ನಲ್ಲೇ. ನಿಧಾನವಾಗಿ ಹತ್ತುತ್ತಿದೆ. ಇದನ್ನು ಮೊದಲ ತಿಂಗಳೇ ಮಾಡಬೇಕಿತ್ತು.

ಮದುವೆ ರಜೆ

ಒಂದು ವಿಷಯ ಎರಡೂ ಶಾಲೆಗೂ ಒಂದೇ. ಶಾಲೆ ನಡೆಯುವ ದಿನಗಳಲ್ಲಿ ಮಗುವನ್ನು ಪ್ರವಾಸಕ್ಕೆ ಕರೆದುಕೊಂಡು ಹೋಗುವಂತಿಲ್ಲ. ಇದು ಕಾನೂನು. ಹಾಜರಾತಿ ನೋಡಿಕೊಳ್ಳಲು ನಗರಸಭೆಯಲ್ಲಿ ಒಬ್ಬ ಅಧಿಕಾರಿಯೇ ಇರುತ್ತಾರೆ, ದಂಡ ಬೀಳುತ್ತದೆ. ನಮ್ಮಲ್ಲಿ ಒಂದು ಚೀಟಿ ಬರೆದುಕೊಟ್ಟರೆ ಮುಗಿಯುತ್ತಿತ್ತು, ಅಲ್ವಾ?

2024ರ ಫೆಬ್ರವರಿಯಲ್ಲಿ ನನ್ನ ತಮ್ಮನ ಮದುವೆ ಹಾಸನದಲ್ಲಿ. ಎರಡು ವಾರ ರಜೆ ಕೇಳಿದೆವು. ಹತ್ತಿರದ ಸಂಬಂಧಿಕರ ಮದುವೆ ಹೊರದೇಶದಲ್ಲಿದ್ದರೆ ಹೆಚ್ಚೆಂದರೆ ಐದು ದಿನ ಎಂದರು, ಲಗ್ನಪತ್ರಿಕೆ ಕೇಳಿದರು. ಕನ್ನಡದ ಪತ್ರಿಕೆಗೆ ಇಂಗ್ಲಿಷ್ ಅರ್ಥ ಬರೆದು ಕೊಟ್ಟೆ. ಐದು ವರ್ಷ ತುಂಬಿದ್ದರಿಂದ ಮಗನಿಗೂ ಅದೇ ನಿಯಮ. ಪುಣ್ಯಕ್ಕೆ ಈ ದಕ್ಷಿಣ ಭಾಗದಲ್ಲಿ ಕಾರ್ನಿವಲ್ ಹಬ್ಬಕ್ಕೆ ಶಾಲೆಗಳು ಒಂದು ವಾರ ಮುಚ್ಚುತ್ತವೆ, ಆ ವರ್ಷ ಫೆಬ್ರವರಿ 10ರಿಂದ 18. ತಮ್ಮ ಮುಹೂರ್ತವನ್ನೇ ಆ ವಾರಕ್ಕೆ ಹೊಂದಿಸಿಕೊಂಡ. ಬೇಸಿಗೆ ರಜೆ ಇಲ್ಲಿ ಆರೇ ವಾರ. ಊರಿಗೆ ಹೋಗುವ ಟಿಕೆಟ್‌ಗೆ ಎಲ್ಲರೂ ಆ ಆರು ವಾರಕ್ಕೇ ಮುಗಿಬೀಳುತ್ತಾರೆ, ಬಜೆಟ್‌ನಲ್ಲಿ ಅದನ್ನೂ ಸೇರಿಸಿ.

ಈಗ

ಮಗಳ 2026ರ ಬೇಸಿಗೆ ಹತ್ತಿರ ಬಂತು. ಒಂಬತ್ತನೇ ತರಗತಿಗೆ ಬೆಂಗಳೂರಿಗೆ ಮರಳಬೇಕಾ ಎಂದು ಕಳೆದ ತಿಂಗಳು ನಾಲ್ಕೂ ಜನ ಊಟದ ಮೇಜಿನಲ್ಲಿ ಕೂತು ಮಾತಾಡಿದೆವು. ಅವಳು ಇಲ್ಲೇ ಮುಂದುವರಿಯುತ್ತೇನೆ ಎಂದಳು. ಹಾಗಾದರೆ ಎಂವೈಪಿ 2028ರಲ್ಲಿ ಮುಗಿಯುತ್ತದೆ, ಆಮೇಲೆ ಐಬಿ ಡಿಪ್ಲೊಮಾ ಎರಡು ವರ್ಷ, ಮುಗಿಯುವುದು 2030ರಲ್ಲಿ. ಆ ಡಿಪ್ಲೊಮಾವನ್ನು ಇಲ್ಲಿನ ಯೂನಿವರ್ಸಿಟಿಗಳೂ ಒಪ್ಪುತ್ತವೆ, ಭಾರತದಲ್ಲಿ ಹನ್ನೆರಡನೇ ತರಗತಿಗೆ ಸಮ ಎಂದೂ ಒಪ್ಪುತ್ತಾರೆ. ಕೆಸಿಇಟಿಯ ಆ ಏಳು ವರ್ಷದ ದಾರಿ ಅವಳಿಗೆ ಮುಚ್ಚುತ್ತದೆ. ಅದನ್ನು ಅವಳಿಗೆ ಬಿಡಿಸಿ ಹೇಳಿಯೇ ಒಪ್ಪಿದ್ದೇವೆ. ನಮ್ಮ 30% ರೂಲಿಂಗ್ 2028ರ ಬೇಸಿಗೆಗೆ ಮುಗಿಯುತ್ತದೆ, ಅಲ್ಲಿಂದ ಡಿಪ್ಲೊಮಾದ ಎರಡು ವರ್ಷದ ಫೀಸು ತೆರಿಗೆ ಕಟ್ಟಿ ಉಳಿದ ಹಣದಿಂದಲೇ. ನಾನೂ ಈಗ ವಾರಕ್ಕೆ ಮೂರು ದಿನ ಕೆಲಸಕ್ಕೆ ಹೋಗುತ್ತೇನೆ, ಆ ಹಣವನ್ನು ಅದಕ್ಕೇ ತೆಗೆದಿಡುತ್ತಿದ್ದೇವೆ.

ಕಾಗದದ ಮೇಲೆ ಮಗನ ಕಾಲಂ ಬರೆದಾಗ ಒಂದು ವಿಷಯ ಕಂಡಿತು. ಅವನು ಕರ್ನಾಟಕದಲ್ಲಿ ಆರನೇ ತರಗತಿಗೆ ಸೇರಬೇಕಾದ್ದು 2030ರ ಜೂನ್. ಇಲ್ಲೇ ಉಳಿದರೆ ಅವನು ಗ್ರೂಪ್ 8ಕ್ಕೆ ಕಾಲಿಡುವುದು 2030ರ ಆಗಸ್ಟ್. ಅಕ್ಕನ ಡಿಪ್ಲೊಮಾ ಮುಗಿಯುವುದೂ ಅದೇ ಬೇಸಿಗೆ. ಮೂರು ವರ್ಷ "ನೋಡೋಣ" ಎನ್ನುತ್ತಿದ್ದ ನನ್ನ ಗಂಡ ಆ ಕಾಗದವನ್ನು ಫ್ರಿಡ್ಜ್ ಮೇಲೆ ಅಂಟಿಸಿದರು. ಈಗ ಯಾರಾದರೂ ಎಷ್ಟು ವರ್ಷ ಇರುತ್ತೀರಿ ಎಂದು ಕೇಳಿದರೆ, 2029ರ ದೀಪಾವಳಿಗೆ ಹೇಳುತ್ತೇವೆ ಎನ್ನುತ್ತಾರೆ.